ಟೀವಿಯೊಳಗಿಂದ ಬಂದ ದನಿ

ನನ್ನ ತಮ್ಮ ತೋಕುಜಿ ಕ್ಯೋತೊದಲ್ಲಿ ತತಾಮಿ ಚಾಪೆ ಹೊಲಿಯುವವನು. ಮಾತು ಎಂದರೆ ಅವನಿಗೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಮಿನೇಕೊಳನ್ನು ಮದುವೆಗೆ ಕೇಳಿದ್ದೂ ಅವನಲ್ಲ, ಅವನ ಪರವಾಗಿ ಅಕ್ಕ ನಾನು. ಅವಳ ಜೊತೆ ನಮ್ಮ ಮನೆಗೆ ಬಂದವಳು ಅವಳ ಮಗಳು ನವೋಮಿ. ಅಮೆರಿಕದಲ್ಲಿ ಹುಟ್ಟಿ ಬೆಳೆದ, ಹನ್ನೊಂದು ವರ್ಷದ ಹುಡುಗಿ.

ಅವಳ ಹೆತ್ತ ತಂದೆ ಶಿಕಾಗೊದಲ್ಲಿದ್ದ. ಭಾನುವಾರ ಬಂತೆಂದರೆ ಫೋನು ಮಾಡಿ, ನೀನೆಂದರೆ ನನಗೆ ಪ್ರಾಣ, ಬಂದುಬಿಡು ಎನ್ನುತ್ತಿದ್ದ. ಹೋಗುವುದೋ ಉಳಿಯುವುದೋ, ಹೊಸ ವರ್ಷದೊಳಗೆ ಅವಳೇ ಹೇಳಬೇಕಿತ್ತು. ಮಿನೇಕೊ ಅದನ್ನು ಮಗಳಿಗೇ ಬಿಟ್ಟಿದ್ದಳು.

ನವೋಮಿ ಅಮೆರಿಕದಿಂದ ತಂದ ಬೂದುಬಣ್ಣದ ವಿಡಿಯೊ ಗೇಮ್ ಪೆಟ್ಟಿಗೆಗೆ ಉದ್ದುದ್ದ ತಂತಿ. ಅಲ್ಲಿಯ ಕೋಣೆಗಳು ದೊಡ್ಡವು, ಸೋಫಾ ದೂರ, ಒಬ್ಬರಿಗೊಬ್ಬರು ತಾಗಬೇಕಾಗಿಯೇ ಇಲ್ಲ. ಇಲ್ಲಿಯೂ ಗೋಡೆಗೊರಗಿ ಒಬ್ಬಳೇ ಆಡುತ್ತಿದ್ದಳು. ಶಾಲೆಯ ಗೆಳತಿಯರು ಕೊಟ್ಟ ಗೇಮ್ ಕ್ಯಾಸೆಟ್ ಮಾತ್ರ ಅದರೊಳಗೆ ಹೋಗುತ್ತಿರಲಿಲ್ಲ, ಅಳತೆಯೇ ಬೇರೆ. ಅದಕ್ಕೆ ತೋಕುಜಿ ಇಲ್ಲಿಯ ಕೆಂಪು-ಬಿಳಿ ಪೆಟ್ಟಿಗೆ ತಂದ. ಗುಂಡಿ ಒತ್ತಿ ಆಡುವ ಅದರ ಎರಡು ಹಿಡಿಗಳ ತಂತಿಯೂ ಗಿಡ್ಡ. ಇಬ್ಬರು ಆಡಬೇಕೆಂದರೆ ಭುಜಕ್ಕೆ ಭುಜ ತಾಗಿಸಿ ಕೂರಲೇಬೇಕು. ಎರಡನೆಯ ಹಿಡಿಯಲ್ಲಿ ಪುಟ್ಟ ಮೈಕು ಬೇರೆ. ಅದರಲ್ಲಿ ಆಡಿದ ಮಾತು ಟೀವಿಯಿಂದ ಕೇಳುತ್ತದೆ.

"ಇದನ್ನ ಮಾಡಿದೋರಿಗೆ ತಲೆ ಇಲ್ವಾ? ಉಸಿರಾಡೋಕೂ ಜಾಗ ಇಲ್ಲ," ಎಂದಳು ನವೋಮಿ.

"ಚಳಿ ಬರ್ಲಿ, ಆಗ ಗೊತ್ತಾಗುತ್ತೆ ಬಿಡು," ಎಂದೆ.

ಗೊಣಗಿಕೊಂಡೇ ದಿನಾ ಸಂಜೆ ಅವನ ಜೊತೆ ಆಡಿದಳು. ಅವಳಿಗೆ ಗೆಲ್ಲಬೇಕು, ಇವನಿಗೆ ಬಿಟ್ಟುಕೊಡಬೇಕು. "ಸುಮ್ನೆ ಸೋಲ್ಬೇಡಿ, ತೋಕುಜಿ-ಸಾನ್. ನಂಗೆ ಅವಮಾನ ಆಗುತ್ತೆ," ಎಂದು ಸಿಡುಕುತ್ತಿದ್ದಳು. ಇವನೋ ಸೋತುಕೊಡುವುದನ್ನೇ ಪ್ರೀತಿ ಎಂದುಕೊಂಡಿದ್ದ.

ಒಂದು ಭಾನುವಾರ ಮಿನೇಕೊ ಬೀದಿಯ ಸಾರ್ವಜನಿಕ ಸ್ನಾನದ ಮನೆಗೆ ಹೋಗಿದ್ದಳು. ನಾನು ಪರ್ಸಿಮನ್ ಹಣ್ಣಿನ ಸಿಪ್ಪೆ ತೆಗೆಯುತ್ತಿದ್ದೆ. ಶಿಕಾಗೊದ ಫೋನು ಮುಗಿಸಿ ಬಂದ ನವೋಮಿ ತನ್ನ ಹಿಡಿ ಎತ್ತಿಕೊಂಡು ತೋಕುಜಿಯ ಪಕ್ಕ ಕೂತಳು.

"ಡ್ಯಾಡಿ ಪ್ರತಿ ವಾರ ಬಾಯ್ಬಿಟ್ಟು ಹೇಳ್ತಾರೆ. ನಾನು ಇಲ್ಲಿರೋದು ನಿಮಗಿಷ್ಟಾನೋ ಇಲ್ವೋ, ನೀವು ಒಂದು ದಿನಾನೂ ಹೇಳಿಲ್ಲ."

ತೋಕುಜಿ ಬಾಯಲ್ಲಿ ಕಡುಬು ತುರುಕಿಕೊಂಡವನ ಹಾಗೆ ಕೂತ. ಕಿವಿ ಮಾತ್ರ ಕೆಂಪಾಯಿತು. ನನಗೆ ಅವನ ತಲೆಗೊಂದು ಮೊಟಕೋಣ ಅನ್ನಿಸಿತು.

"ಬೆಳಿಗ್ಗೆ ಎದ್ದು ನಿನ್ನ ಡಬ್ಬಿಗೆ ಮೊಟ್ಟೆ ಬೇಯಿಸೋನು ಇವನೇ ಕಣೇ," ಎಂದೆ.

"ನಿಮ್ಮನ್ನ ಕೇಳ್ಲಿಲ್ಲ, ಅತ್ತೆ."

ತೋಕುಜಿ ಅವಳ ಕಡೆ ತಿರುಗಲಿಲ್ಲ. ಮೈಕಿದ್ದ ತನ್ನ ಹಿಡಿಯನ್ನು ಮೆಲ್ಲಗೆ ತುಟಿಯ ಹತ್ತಿರ ತಂದ. ಟೀವಿ ಗರಗರ ಅಂದಿತು. ಆಮೇಲೆ ಅದರೊಳಗಿಂದ ಅವನ ದನಿ ಬಂತು.

"ಹೋಗ್ಬೇಡ. ನೀನು ಹೋದ್ರೆ ನಂಗೆ ಈ ಮನೆ ಬೇಡ ಅನ್ಸುತ್ತೆ."

ಒಟ್ಟಿಗೆ ಬೆಳೆದವಳು ನಾನು, ಅವನ ಬಾಯಿಂದ ಅಂಥ ಮಾತು ಎಂದೂ ಕೇಳಿರಲಿಲ್ಲ. ಕಣ್ಣು ತುಂಬಿ ಕೈಯಲ್ಲಿದ್ದ ಹಣ್ಣು ಕಾಣದಾಯಿತು.

ನವೋಮಿ ಪರದೆಯನ್ನೇ ನೋಡುತ್ತಿದ್ದಳು. ಅವಳ ಹಿಡಿಯಲ್ಲಿ ಮೈಕಿಲ್ಲ, ಅವನದನ್ನು ಎಳೆದುಕೊಳ್ಳುವಷ್ಟು ತಂತಿಯಿಲ್ಲ. ಅವನ ಮಡಿಲ ಮೇಲೆ ಬಾಗಿ, ಅವನ ಕೈಯ ಹತ್ತಿರ ಬಾಯಿಟ್ಟಳು.

"ಇರ್ತೀನಿ," ಎಂದಿತು ಟೀವಿ.

ಹೇಳಿ ಮುಗಿದ ಮೇಲೂ ಅವಳು ತಲೆ ಎತ್ತಲಿಲ್ಲ.