ಬಿಸಿಲಿಗೆ ಹಾಸಿದ ಜಮಖಾನ

ಮಾನ್ವಿಯ ನಮ್ಮ ಓಣಿಯಲ್ಲಿ ದೊಡ್ಡ ಜಮಖಾನ ಇದ್ದದ್ದು ಪಕ್ಕದ ಮನೆಯ ಅಜ್ಜಿಯ ಹತ್ತಿರ ಮಾತ್ರ. ಅದು ಅವರ ತವರಿನದು. ಯಾರ ಮನೆಯಲ್ಲಿ ನಾಲ್ಕು ಜನ ಸೇರಿದರೂ ಅದನ್ನೇ ತಂದು ಹಾಸುತ್ತಿದ್ದೆವು. ವಾಪಸು ಬಂದ ಮೇಲೆ ಅಜ್ಜಿ ಅದನ್ನು ಕಟ್ಟೆಯ ಮೇಲೆ ಬೋರಲು ಹಾಕಿ, ಧೂಳು ಹೋಗುವವರೆಗೆ ಕೋಲಿನಿಂದ ಬಡಿಯುತ್ತಿದ್ದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಉಳಿದದ್ದು ಬಿಸಲು ನೋಡ್ಕೊಂತದ" ಎನ್ನುತ್ತಿದ್ದರು.

ನನ್ನ ತಂಗಿಯ ನಿಶ್ಚಯದ ದಿನ ಅದರ ಮೇಲೆ ಅರಿಶಿಣದ ನೀರು ಚೆಲ್ಲಿತು. ಅವ್ವ ಗಾಬರಿಯಿಂದ ಸಾಬೂನು ಹಚ್ಚಿ ತಿಕ್ಕಿದಳು. ಹಳದಿ ಕಲೆ ಕೆಂಪಾಯಿತು. ಇನ್ನು ಅಜ್ಜಿಗೆ ಹೇಗೆ ಮುಖ ತೋರಿಸಲಿ ಎಂದು ಅವ್ವ ಅಳುತ್ತಿರುವಾಗಲೇ ಅವರು ಬಂದರು.

"ಕುಂಕುಮ ಮಾಡಾಕತ್ತೀ ಏನವ್ವಾ?" ಎಂದು ನಕ್ಕರು. "ಸಬಕಾರ ಹಚ್ಚಿದ್ರ ಅರಿಶಿಣ ಕೆಂಪಾಗ್ತದ. ಬರೇ ನೀರಾಗ ಜಾಲಿಸಿ ಮಾಳಗಿ ಮ್ಯಾಲ ಹಾಕು. ಬಿಸಲು ನೋಡ್ಕೊಂತದ."

ಮಾಳಿಗೆಯ ಮೇಲೆ ಕಲೆ ಮತ್ತೆ ಹಳದಿಯಾಗಿ, ದಿನದಿನಕ್ಕೆ ತೆಳುವಾಯಿತು.

ಹೋದ ತಿಂಗಳು ಅಜ್ಜಿ ತೀರಿಕೊಂಡರು. ಅವರ ಬಾಗಿಲ ಮುಂದೆ ಅದೇ ಜಮಖಾನ ಹಾಸಿದ್ದರು. ಕುಳಿತಲ್ಲೇ ನಾನು ಆ ಕಲೆಯನ್ನು ಹುಡುಕಿದೆ. ಅವ್ವ ಒಂದು ಕಡೆ ಅಂಗೈಯಿಟ್ಟು, "ಇಲ್ಲೇ ಇತ್ತು ನೋಡು" ಎಂದಳು.

ಅಲ್ಲಿ ಏನೂ ಇರಲಿಲ್ಲ.