ಕಾರು ನೋಡಲು ಬಂದ ಮೆಕ್ಯಾನಿಕ್

ಚನ್ನಗಿರಿಯಲ್ಲಿ ಹೊಸ ಕಾರು ಕೊಳ್ಳುವವರು ಮೊದಲು ಮೆಕ್ಯಾನಿಕ್ ಸಾಬರನ್ನು ಕೇಳುತ್ತಿದ್ದರು. ಬೆಲೆ, ಮೈಲೇಜು ಅಂತ ನಾವು ಏನೇ ಹೇಳಲಿ, ಅವರು ಕೈಗಂಟಿದ ಗ್ರೀಸು ಒರೆಸಿಕೊಳ್ಳುತ್ತಾ, "ಹಿಂದೆ ಯಾರು ಕೂರ್ತಾರ್ರಿ?" ಎಂದೇ ಕೇಳುತ್ತಿದ್ದರು.

ನಾನೂ ಅವರನ್ನು ಬಸ್ಸಿನಲ್ಲಿ ದಾವಣಗೆರೆಯ ಶೋರೂಮಿಗೆ ಕರೆದೊಯ್ದೆ. ಹೆಚ್ಚುಕಮ್ಮಿ ಒಂದೇ ಬೆಲೆಗೆ ಎರಡು ಕಾರು. ಕೆಂಪು ಕಾರಿಗೆ ಸನ್‌ರೂಫು, ದೊಡ್ಡ ಚಕ್ರ. ಬಿಳಿಯದಕ್ಕೆ ಹಿಂದೆ ಕೂತವರಿಗೂ ಏರ್‌ಬ್ಯಾಗು.

"ಕೆಂಪುದೇ ಇರ್ಲಿ ಸಾಬ್ರೆ, ಮಕ್ಕಳು ಕುಣಿದಾಡ್ತಾರೆ. ಹಿಂದೆ ಏರ್‌ಬ್ಯಾಗು ಇಲ್ದಿದ್ರೂ ನಡೀತೈತೆ," ಅಂದೆ.

ಅವರು ಕೆಂಪು ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಪಕ್ಕದ ಬಾಗಿಲನ್ನು ಕೈಯಿಂದ ಸವರಿದರು.

"ನನ್ನ ಮಗಳು ಹಿಂಗೇ ಕೂತಿದ್ಲು ರೀ. ಸವಳಂಗದ ತಿರುವಿನಾಗೆ ಲಾರಿ ಬಂದು ಹೊಡೀತು. ಓಡಿಸ್ತಿದ್ದೋನು ನಾನೇ. ನನಗೇನೂ ಆಗ್ಲಿಲ್ಲ."

ಇಷ್ಟು ವರ್ಷದ ಪರಿಚಯದಲ್ಲಿ ಅವರಿಗೊಬ್ಬ ಮಗಳಿದ್ದಳೆಂದೇ ನನಗೆ ಗೊತ್ತಿರಲಿಲ್ಲ. ಬಿಳಿ ಕಾರಿಗೆ ಅಡ್ವಾನ್ಸ್ ಕೊಟ್ಟೆ.

ಕಾರು ಬಂದ ದಿನ ಮಕ್ಕಳನ್ನು ಕೂರಿಸಿಕೊಂಡು ಅವರ ಗ್ಯಾರೇಜಿಗೆ ಹೋದೆ. ಅವರು ನಾಲ್ಕೂ ಬಾಗಿಲು ಹಾಕಿ ತೆಗೆದರು, ಮಕ್ಕಳ ಬೆಲ್ಟು ಜಗ್ಗಿ ನೋಡಿದರು.

"ಹತ್ರಿ ಸಾಬ್ರೆ, ಸೂಳೆಕೆರೆ ತನಕ ಹೋಗಿ ಬರಾಣ."

"ನಿಂತ ಕಾರಿನಾಗೆ ಕೂರ್ತೀನಿ ರೀ. ಓಡೋ ಕಾರಿನಾಗೆ ನನ್ನ ಕೈಲಿ ಆಗಲ್ಲ," ಎಂದವರು, ಟಾಟಾ ಮಾಡುತ್ತಿದ್ದ ನನ್ನ ಮಗಳ ಕಡೆ ತಿರುಗಿ ನೋಡದೆ ಒಳಗೆ ಹೋದರು.