ಅಣ್ಣ ಹೊಲಿದ ಕುಬಸ

ನನ್ನಣ್ಣ ಶಿವರಾಜ ಹೆಂಗಸರ ಕುಬಸ, ಅಂದರೆ ರವಿಕೆ, ಹೊಲಿಯುವವನು. ಮರಾಠಿ ಸೀಮೆಯ ಶಹರದಲ್ಲಿ, ಧನಕವಡಿಯ ಇಳಿಜಾರು ಓಣಿಯೊಂದರಲ್ಲಿ ನಮ್ಮ ಎರಡು ಕೋಣೆಯ ಮನೆ. ಮುಂದಿನ ಕೋಣೆಯೇ ಅವನ ಅಂಗಡಿ. ಬೆಳಗಿನ ಬಿಸಿಲು ಬಾಗಿಲಿಗೆ ತೂಗುಬಿಟ್ಟ ಬಟ್ಟೆಗಳನ್ನು ಹಾಯ್ದು ಒಳಗೆ ಬರುವಾಗ ನೆಲದ ಮೇಲೆ ಕೆಂಪು, ಅರಿಸಿನ, ಗಿಳಿಹಸಿರು ಹರಡಿಕೊಳ್ಳುತ್ತಿದ್ದವು. ನಾನು ಆ ಬಣ್ಣಗಳನ್ನು ತುಳಿಯುತ್ತ ದೊಡ್ಡವಳಾದೆ. ಈಗಲೂ ಕಣ್ಣು ಅರ್ಧ ಮುಚ್ಚಿದರೆ ನನ್ನ ಪಾದಗಳು ಬಣ್ಣಬಣ್ಣವಾಗಿ ಕಾಣುತ್ತವೆ.

ಅಪ್ಪ ಜಮಖಂಡಿ ಕಡೆಯಿಂದ ಬಂದವನು, ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯಲ್ಲಿ ಗುಮಾಸ್ತ. ಹೊಲಿಗೆ ಅವ್ವನದು. ಅವ್ವ ಹೋದಾಗ ನಾನು ಏಳನೆಯ ಇಯತ್ತೆ, ಅಣ್ಣ ಕಾಲೇಜಿನ ಹುಡುಗ. ಅರ್ಧ ಹೊಲಿದಿಟ್ಟ ಕುಬಸಗಳನ್ನು ಕೇಳಲು ಹೆಂಗಸರು ಬಂದಾಗ, ಅವ್ವನ ಪಕ್ಕ ಕೂತು ಕೂತೇ ಕೈ ಪಳಗಿಸಿಕೊಂಡಿದ್ದ ಅಣ್ಣ ಅವನ್ನು ಮುಗಿಸಿ ಕೊಟ್ಟ. ಮುಂದಿನ ವಾರ ಅವರೇ ಹೊಸ ಬಟ್ಟೆ ತಂದರು. ಅಪ್ಪನೂ ತೀರಿಕೊಂಡ ಮೇಲೆ, “ತಂಗಿ ಸಲುವಾಗಿ ಹುಡುಗ ಕಾಲೇಜು ಬಿಟ್ಟ” ಎಂದು ಓಣಿಯವರು ಮರುಗಿದರೆ ಅಣ್ಣ ನಗುತ್ತಿದ್ದ.

“ಯಾರ ಸಲುವಾಗೂ ಅಲ್ರಿ. ನನಗ ಅರಿವಿ ಮುಟ್ಟಿದ್ರ ಹಿಗ್ಗು ಆಗ್ತದ.”

ಅದು ನಿಜ. ಹೊಸ ಖಣವನ್ನು ಅವನು ಕತ್ತರಿಸುವ ಮೊದಲು ಅಂಗೈಯಿಂದ ಸವರುತ್ತಿದ್ದ ರೀತಿಯಲ್ಲೇ ನನ್ನ ತಲೆಯನ್ನೂ ಸವರಿ ಹೆಣಲು ಹಾಕುತ್ತಿದ್ದ. ನನ್ನ ಶಾಲೆಯ ಫ್ರಾಕುಗಳ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟು ಹೊಲಿಯುತ್ತಿದ್ದ. ಜೂನ್ ಬಂದಾಗ ಹೊಲಿಗೆ ಬಿಚ್ಚಿ ಸಡಿಲು ಮಾಡುತ್ತಿದ್ದ. ನಾನು ಎತ್ತರವಾದದ್ದು ನನಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು.

ಹೋದ ವರ್ಷ ನಾನು ಬಸುರಿ. ಅದೇ ಶಹರದ ಇನ್ನೊಂದು ತುದಿಯ ಖರಾಡಿಯಲ್ಲಿ ನನ್ನ ಗಂಡ ಅಮೋಘನ ಮನೆ ಹನ್ನೆರಡನೆಯ ಮಹಡಿಯಲ್ಲಿ. ಅಲ್ಲಿ ಗಾಳಿ ಬಹಳ, ಸದ್ದು ಕಡಿಮೆ. ಮಧ್ಯಾಹ್ನ ಮಲಗಿದರೆ ಮೋಡದ ನೆರಳು ಹಾಸಿಗೆಯ ಮೇಲೆ ಹಾಯುತ್ತಿತ್ತು, ನಾನು ಅದರ ಜೊತೆಗೇ ತೇಲಿ ಧನಕವಡಿಗೆ ಹೋಗಿಬರುತ್ತಿದ್ದೆ. ಹೆರಿಗೆಗೆ ಅಲ್ಲಿಗೇ ಹೋಗಬೇಕು ಎಂಬುದೊಂದೇ ಆಸೆ. ಆದರೆ ಅತ್ತೆ ಪಾರವ್ವನವರ ಮನಸ್ಸು ಬೇರೆ ಇತ್ತು. ಕೇಳಲು ಬಂದ ಅಣ್ಣನಿಗೆ ಚಹಾ ಕೊಟ್ಟು ನೇರವಾಗಿಯೇ ಹೇಳಿದರು.

“ತಪ್ಪು ತಿಳಕೋಬ್ಯಾಡ್ರಿ ಶಿವರಾಜ. ಹೆಣ್ಣು ದಿಕ್ಕಿಲ್ಲದ ಮನಿಗೆ ಬಾಣಂತನಕ್ಕ ಹೆಂಗ ಕಳಸೂದು? ಎಣ್ಣಿ ಹಚ್ಚಾವ್ರು ಯಾರು, ನೀರು ಹಾಕಾವ್ರು ಯಾರು?”

“ಕಲೀತೀನ್ರಿ ಅವ್ವಾರ.”

“ಇದೇನು ಹುಕ್ಕು ಹಚ್ಚೂ ಕೆಲಸ ಏನ್ರಿ ಕಲಿಯಾಕ?” ಎಂದು ಅತ್ತೆ ನಕ್ಕರು. ಆಮೇಲೆ ದನಿ ತಗ್ಗಿಸಿದರು. “ಕುಬಸದ ಕಾರ್ಯ ಅಂತೂ ತವರಿನವರದ. ಅದನ್ನ ಬಂದು ಮಾಡ್ರಿ. ಹೆರಿಗಿ ಇಲ್ಲೇ ಆಗ್ಲಿ.”

ಏಳನೆಯ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಹಸಿರು ಬಳೆ, ಹಸಿರು ಕುಬಸ ತಂದು ಬಸುರಿಗೆ ತೊಡಿಸಿ, ಉಡಿ ತುಂಬಿ, ಆರತಿ ಬೆಳಗಿ, ತಮ್ಮೊಡನೆ ಕರೆದೊಯ್ಯುವುದು ನಮ್ಮಲ್ಲಿ ಪದ್ಧತಿ. ತೊಡಿಸಿ ಬಿಟ್ಟುಹೋಗುವುದು ಯಾವ ಪದ್ಧತಿ? ಅಣ್ಣ ಚಹಾ ಕುಡಿದು ಎದ್ದ. ಲಿಫ್ಟಿನ ಬಾಗಿಲು ಮುಚ್ಚುವ ತನಕ ನನ್ನ ಕಡೆ ನೋಡಿ ನಗುತ್ತಲೇ ಇದ್ದ. ಆ ನಗು ನನಗೆ ಗೊತ್ತು. ಬಟ್ಟೆ ಕಡಿಮೆ ಬಿದ್ದಾಗ ಎಲ್ಲಿ ತುಂಡು ಕೂಡಿಸಲಿ ಎಂದು ಯೋಚಿಸುವಾಗ ನಗುವ ನಗು.

ಮರುದಿನದಿಂದ ಫೋನು. ಅಂಗಡಿಗೆ ಬರುವ ಹೆಂಗಸರನ್ನೆಲ್ಲ ಅವನು ಬಾಣಂತನದ ಬಗ್ಗೆ ಕೇಳತೊಡಗಿದ್ದ. ಎದುರು ಮನೆಯ ಶಿಂದೆ ಆಜಿ ಅವನಿಗೆ ಗುರು. ಬಹಳ ವರ್ಷದ ನೆರೆಯಿಂದ ಆಕೆಗೆ ನಮ್ಮ ಕನ್ನಡ ಅರ್ಧ ಬರುತ್ತಿತ್ತು, ಉಳಿದರ್ಧ ಮರಾಠಿ.

“ದೀಪಾ, ಇವತ್ತು ಬಾಣಂತಿಗೆ ಕೊಡೂ ಅಂಟಿನುಂಡಿ ಕಟ್ಟಿದೆ. ಕಲ್ಲಾಗ್ಯಾವ. ಆಜಿ ಒಂದನ್ನ ಬಾಗಿಲಿಗೆ ಆಸರಾ ಇಟ್ಟಾಳ.”

“ಉಳದದ್ದು?”

“ತಿಂದೆ. ನಾಕ ಕುಬಸದಷ್ಟು ದಪ್ಪ ಆಗೀನಿ.”

“ಅಣ್ಣಾ, ನಾ ಬಸುರಿ ಇದ್ರ ನೀ ಬಾಣಂತಿ ಆಗಾಕ ಹತ್ತೀಯಲ್ಲೋ!”

ನಗುತ್ತಿದ್ದೆವು. ನಕ್ಕು ಫೋನು ಇಟ್ಟ ಮೇಲೆ ಹೊಟ್ಟೆಯೊಳಗಿನ ಕೂಸು ಮೆಲ್ಲಗೆ ಹೊರಳುತ್ತಿತ್ತು, ಯಾರ ದನಿ ಅದು ಎಂದು ಕೇಳುವ ಹಾಗೆ.

ಕುಬಸದ ದಿನ ಭಾನುವಾರ. ಅಣ್ಣ ಒಂದು ಟೆಂಪೋ ಮಾಡಿಕೊಂಡು ಓಣಿಯ ಹೆಂಗಸರನ್ನೆಲ್ಲ ಕರೆತಂದಿದ್ದ. ಎಲ್ಲರೂ ಅವನೇ ಹೊಲಿದ ಕುಬಸ ತೊಟ್ಟಿದ್ದರು. ಸೊಸೈಟಿಯ ವಾಚ್‌ಮನ್ ಯಾರ ಮನೆಗೆಂದು ಕೇಳಿದಾಗ ಶಿಂದೆ ಆಜಿ, “ಆಮ್ಚಾ ಮುಲೀಚ್ಯಾ ಘರೀ,” ನಮ್ಮ ಹುಡುಗಿಯ ಮನೆಗೆ, ಎಂದು ಸೆರಗು ಹೊದ್ದು ಮುಂದೆ ನಡೆದಳಂತೆ. ನಮ್ಮ ಸಪ್ಪಗಿನ ಹಾಲು ಬಣ್ಣದ ಗೋಡೆಗಳ ನಡುವೆ ಅವರೆಲ್ಲ ಬಂದು ನಿಂತಾಗ ನನಗೆ ಒಂದು ಕ್ಷಣ, ಧನಕವಡಿಯ ಬಾಗಿಲಿಗೆ ತೂಗುಬಿಟ್ಟ ಬಟ್ಟೆಗಳೇ ಕಾಲು ಬಂದು ನಡೆದು ಬಂದವೇನೋ ಎನಿಸಿತು.

ಒಳಕೋಣೆಯಲ್ಲಿ ನನಗೆ ಸೀರೆ ಉಡಿಸಿ ಕುಬಸ ತೊಡಿಸತೊಡಗಿದರು. ಗುಳೇದಗುಡ್ಡದ ಹಸಿರು ಖಣ, ಅಂಚಿಗೆ ಕೆಂಪು. ತೋಳು ಅರ್ಧಕ್ಕೇ ನಿಂತಿತು. ಎಳೆದರು. ಹುಕ್ಕುಗಳ ಎರಡು ಸಾಲು ಒಂದನ್ನೊಂದು ದೂರದಿಂದ ನೋಡುತ್ತ ಉಳಿದವು.

“ಅಗಬಾಯಿ!” ಎಂದಳು ಶಿಂದೆ ಆಜಿ. ಒಬ್ಬಳು ಕಿಸಕ್ಕೆಂದಳು. ಆಮೇಲೆ ಎಲ್ಲರೂ.

ಅತ್ತೆ ಹೊರಗೆ ಬಂದು, ಎಲ್ಲರ ಎದುರಿಗೆ ಅಣ್ಣನ ಕೈಗೆ ಕುಬಸ ಕೊಟ್ಟರು. “ಏನ್ರಿ ಶಿವರಾಜ, ಊರ ಮಂದಿಗೆಲ್ಲ ಸರಿಯಾಗಿ ಹೊಲಿದು ತಂಗೀದು ತಪ್ಪಿಸಿದ್ರಿ?”

ಅಣ್ಣನ ಮುಖ ಬಾಡಿತು. ಕುಬಸವನ್ನು ತಿರುಗಿಸಿ ತಿರುಗಿಸಿ ನೋಡಿದ. “ಅಳತಿ ತಗೊಳ್ಳಲಿಲ್ರಿ,” ಎಂದ. “ಇಕೀ ಅಳತಿ ನನ್ನ ಕಡೆ ಅದ ಅಂತ ಕತ್ತರಿ ಹಾಕಿಬಿಟ್ಟೆ. ಮದುವಿ ಆದಾಗಿಂದು. ಅದs ತಲ್ಯಾಗ ಕುಂತಿತ್ರಿ.”

ಯಾವ ಗಿರಾಕಿಗೂ ಅವನು ಹಳೆಯ ಅಳತೆಯ ಮೇಲೆ ಹೊಲಿದವನಲ್ಲ. ನನ್ನ ಹೊಟ್ಟೆಯ ಕೂಸಿಗಾಗಿ ತಿಂಗಳುಗಟ್ಟಲೆ ಉಂಡೆ ಕಟ್ಟಿದವನು, ನನ್ನ ಮೈ ತುಂಬಿರುತ್ತದೆ ಎಂಬುದನ್ನೇ ಮರೆತಿದ್ದ. ನಾನು ಬಾಗಿಲ ಮರೆಯಲ್ಲಿ ಶಾಲು ಹೊದ್ದು ನಿಂತಿದ್ದೆ. ಅವನ ಕಣ್ಣಿನಲ್ಲಿ ನಾನಿನ್ನೂ ಎಷ್ಟು ಸಣ್ಣವಳೆಂದು ಆಗ ಕಂಡೆ. ಅಳು ಬಂತು, ನಗುವೂ ಬಂತು.

“ಒಂದೀಟು ತಾಳ್ರಿ,” ಎಂದು ಅಣ್ಣ ಅಲ್ಲೇ ಕಿಟಕಿಯ ಕೆಳಗೆ ನೆಲಕ್ಕೆ ಕೂತ. ಜೇಬಿನಲ್ಲಿ ಬ್ಲೇಡು, ಸೂಜಿ, ದಾರ ಸದಾ ಇರುವಂಥವೇ. ತೋಳಿನದೂ ಬದಿಯದೂ ಹೊಲಿಗೆ ಬಿಚ್ಚಿದ. ಒಳಗೆ ಮಡಚಿಟ್ಟ ಬಟ್ಟೆ ಹೊರಬಂತು. ನನ್ನ ಫ್ರಾಕುಗಳ ಒಳಗೆ ಬಿಡುತ್ತಿದ್ದ ಅದೇ ಎರಡು ಬೆರಳು. ಯಂತ್ರವಿಲ್ಲದೆ ಖಣ ಜಾರುತ್ತಿತ್ತು. ಆಗ ಅತ್ತೆ, ಬೇಸರದಿಂದಲೋ ಏನೋ, “ಕೊಡ್ರಿ ಇಲ್ಲಿ ಒಂದು ತುದಿ,” ಎಂದು ಎದುರಿಗೆ ಕೂತು ಬಟ್ಟೆಯನ್ನು ಬಿಗಿಯಾಗಿ ಹಿಡಿದರು.

ಆರತಿಯ ತಟ್ಟೆ ಹಾಗೇ ಕಾದಿತ್ತು. ಹೆಂಗಸರು ಗುಣುಗುಣು ಹಾಡಿಕೊಳ್ಳುತ್ತಿದ್ದರು. ಗಾಳಿಗೆ ಪರದೆ ಉಬ್ಬಿ ಇಳಿಯುತ್ತಿತ್ತು. ಅಣ್ಣನ ಸೂಜಿ ಹಸಿರಿನಲ್ಲಿ ಮುಳುಗಿ ಏಳುವುದನ್ನೇ ಅತ್ತೆ ನೋಡುತ್ತಿದ್ದರು. ನೋಡುತ್ತ ನೋಡುತ್ತ ಅವರ ದನಿ ಬೇರೆಯಾಯಿತು.

“ನನಗ ಇಬ್ಬರು ಅಣ್ಣಂದಿರು ಇದ್ರು ನೋಡ್ರಿ. ಅವ್ವ ಸತ್ತಮ್ಯಾಗ ನನ್ನ ಕುಬಸಕ್ಕ ಒಬ್ಬರೂ ಬರಲಿಲ್ಲ. ನಮ್ಮತ್ತೀನs ಟ್ರಂಕಿನಾಗಿಂದು ತಗದು ತೊಡಿಸಿದ್ಲು. ಅಳತಿ ಸರಿ ಇತ್ತು. ಏನ್ ಮಾಡೂದು ಅದನ್ನ?”

ಅಣ್ಣ ಸೂಜಿ ನಿಲ್ಲಿಸಿದ. ತಲೆ ಎತ್ತದೆ, “ಹಂಗಾದ್ರ ನೀವೂ ಬರ್ರಿ,” ಎಂದ.

“ಎಲ್ಲಿಗೆ?”

“ನಮ್ಮ ಮನಿಗೆ. ಎಣ್ಣಿ ಹಚ್ಚಾವ್ರು ಇಲ್ಲ ಅಂದ್ರೆಲ್ಲ. ನಿಮ್ಮ ಕೈ ಇರ್ಲಿ, ನೀರು ಕಾಸೂದು ನಂದು. ಒಳಗಿನ ಖೋಲಿ ನಿಮಗ ಇಬ್ಬರಿಗೆ. ನಾ ಮಶೀನ್ ಬಾಜೂಕ ಮಲಗ್ತೀನಿ.”

“ಹುಚ್ಚೇನ್ರಿ! ಬೀಗತಿ ಹೋಗಿ ಸೊಸಿ ತವರಮನ್ಯಾಗ ತಿಂಗಳುಗಟ್ಟಲೆ ಕುಂದರೂದಾ? ಮಂದಿ ನಗ್ತಾರ.”

“ಆಗಲೇ ನಕ್ಕೀವಿ,” ಎಂದಳು ಶಿಂದೆ ಆಜಿ ತನ್ನ ಕನ್ನಡದಲ್ಲಿ. “ಇನ್ನೇನ ಉಳೀತು?”

ಅತ್ತೆ ಕೈಯಲ್ಲಿ ಹಿಡಿದ ತುದಿಯನ್ನು ಬಿಡಲಿಲ್ಲ. ಅಣ್ಣ ಗಂಟು ಹಾಕಿ ಹಲ್ಲಿನಿಂದ ದಾರ ಕಡಿದ. ಕುಬಸ ನನ್ನ ಮೈಗೆ ಬಂತು, ಉಸಿರಾಡುವಷ್ಟು ಜಾಗ ಉಳಿದು. ಉಡಿ ತುಂಬಿದರು. ಅಕ್ಕಿ, ಅರಿಸಿನ ಬೇರು, ಬಟ್ಟಲು ಕೊಬ್ಬರಿ ಮಡಿಲಿಗೆ ಬೀಳುವಾಗ ನಾನು ಅತ್ತೆಯ ಮುಖವನ್ನೇ ನೋಡುತ್ತಿದ್ದೆ. ಬಿಟ್ಟುಹೋಗುತ್ತಾರೋ, ಕರೆದೊಯ್ಯುತ್ತಾರೋ? ದೀಪದ ಬೆಳಕು ಸುತ್ತಿ ಸುತ್ತಿ ಬರುತ್ತಿತ್ತು. ಅದರಾಚೆ ಆ ಮುಖ ನೀರಿನಲ್ಲಿ ಕಂಡಂತೆ ಅಲುಗುತ್ತಿತ್ತು.

ಆರತಿ ಮುಗಿದ ಮೇಲೆ ಅತ್ತೆ ಮಗನ ಕಡೆ ತಿರುಗಿದರು. “ಅಮೋಘ, ಕುಕ್ಕರ್ ಇಡಾಕ ಬರ್ತದೇನೋ ನಿನಗ?”

“ಯಾಕವ್ವಾ?”

“ಯಾಕಂದ್ರ ಊಟ ಬೇಕಲ್ಲ ನಿನಗ. ನಾ ಇರಾಂಗಿಲ್ಲ.”

ಅಮೋಘ ನನ್ನನ್ನು ನೋಡಿದ, ಅಣ್ಣನನ್ನು ನೋಡಿದ. “ಕಲೀತೀನಿ,” ಎಂದ. ಕೋಣೆಯ ಹೆಂಗಸರೆಲ್ಲ ಒಟ್ಟಿಗೇ ಮಾತಾಡತೊಡಗಿದರು, ನನಗೆ ಒಂದೂ ಕೇಳಿಸಲಿಲ್ಲ. ಅಣ್ಣ ಬಾಗಿ ನೆಲದ ಮೇಲೆ ಬಿದ್ದ ದಾರದ ಚೂರುಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದ. ಎಲ್ಲವನ್ನೂ ಹೆಕ್ಕಿದ ಮೇಲೂ ತಲೆ ಎತ್ತಲಿಲ್ಲ.

ಮಗಳು ಹುಟ್ಟಿದ್ದು ಚಳಿಗಾಲದಲ್ಲಿ. ಧನಕವಡಿಯ ಆ ದಿನಗಳು ನನಗೆ ಒಂದೇ ಉದ್ದನೆಯ ಮುಂಜಾವಿನಂತೆ ನೆನಪಿವೆ. ಬಿಸಿನೀರಿನ ಹಬೆ, ಲೋಬಾನದ ಹೊಗೆ, ಅದರೊಳಗೆ ಅತ್ತೆಯ ಬಳೆಗಳ ಸದ್ದು. ಅಣ್ಣ ಹಂಡೆ ಕಾಸಿ ಬಾಗಿಲಲ್ಲಿ ನಿಂತು, “ಇನ್ನೊಂದು ಚರಿಗಿ ಬೇಕೇನ್ರಿ ಅವ್ವಾರ?” ಎನ್ನುತ್ತಿದ್ದ. ಮಿಂದ ಕೂಸನ್ನು ಅವನ ಕೈಗೆ ಕೊಟ್ಟರೆ ಎರಡು ಬೆರಳ ನಡುವೆ ಹಿಡಿಯಲು ನೋಡಿದ.

“ಅರಿವಿ ಅಲ್ಲೋ ಮಾರಾಯ ಅದು, ಕೂಸು! ಅಪ್ಪಿಕೊಂಡು ಹಿಡಿ,” ಎಂದು ಅತ್ತೆ ಗದರಿದರು. ಬಹುವಚನ ಯಾವಾಗ ಬಿದ್ದುಹೋಗಿತ್ತೋ, ಇಬ್ಬರಿಗೂ ಗೊತ್ತಿರಲಿಲ್ಲ.

ಅವನು ಅಪ್ಪಿಕೊಂಡ. ನನ್ನನ್ನು ಎತ್ತಿ ಆಡಿಸಿದ ಅದೇ ತೋಳು. ಹೀಗೆಯೇ ನನ್ನನ್ನೂ ಯಾವಾಗಲೋ ಹಿಡಿದಿರಬೇಕು ಎಂದುಕೊಳ್ಳುತ್ತ ನಾನು ನಿದ್ದೆಗೆ ಜಾರುತ್ತಿದ್ದೆ.

ಅಂಥದೇ ಒಂದು ಮಧ್ಯಾಹ್ನ ಮುಂದಿನ ಕೋಣೆಗೆ ಹೊಸ ಗಿರಾಕಿ ಬಂದಿದ್ದಳು. ಅತ್ತೆ ಹೊಸ್ತಿಲಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. “ಶಿವರಾಜನ ತಾಯಿ ಏನ್ರಿ ನೀವು?” ಎಂದು ಅವಳು ಕೇಳಿದ್ದು ಕೇಳಿಸಿತು. ಕತ್ತರಿಯ ಸದ್ದು ನಿಂತಿತು. ಅತ್ತೆ ಏನೆನ್ನುವರೋ ಎಂದು ಅಣ್ಣನೂ ಕಾದನೇನೋ.

“ತಾಯಿ ಎಲ್ಲೀಕಿ ಬಿಡ್ರಿ, ಅಷ್ಟು ಮುದುಕಿ ಕಾಣ್ತೀನೇನು?” ಎಂದರು ಅತ್ತೆ. ಬೆಳ್ಳುಳ್ಳಿಯ ಸಿಪ್ಪೆಯನ್ನು ಉಫ್ ಎಂದು ಊದಿದರು. “ನಾ ಈ ಮನಿ ಹೆಣ್ಣಮಗಳು. ಬಾಣಂತನಕ್ಕ ಬಂದೀನಿ.”